ಇ-ಮೇಲ್ ಸರ್ವರ್ ಮತ್ತು ಗ್ರಾಹಕರ ಫೋನ್: ಹೊಂದಾಣಿಕೆಯ ತೊಡಕುಗಳು, ದೋಷಪತ್ತೆ

ಸಂಸ್ಥೆಯೊಂದು ನಡೆಸುವ ಮೇಲ್ ಸರ್ವರಿನೊಡನೆ ಅದರ ಗ್ರಾಹಕರ ಫೋನು, ಟ್ಯಾಬ್ಲೆಟ್ಟುಗಳು ತಡೆಯಿಲ್ಲದೆ ಸಂಪರ್ಕ ಸಾಧಿಸಿ ಪತ್ರ ಪಡೆಯುವ, ಕಳುಹಿಸುವ, ಕ್ಯಾಲೆಂಡರ್ ಮತ್ತು ವಿಳಾಸಪಟ್ಟಿಯನ್ನು ಸರಿಹೊಂದಿಸಿಕೊಳ್ಳುವ ಸ್ಥಿತಿಗೆ ಮೇಲ್ ಸರ್ವರ್-ಮೊಬೈಲ್ ಹೊಂದಾಣಿಕೆ ಎನ್ನುತ್ತಾರೆ. ಇದು ಕೆಟ್ಟಾಗ ಕಾರಣ ಹುಡುಕುವುದು ಮೇಲ್ ಆಡಳಿತಗಾರರ ಕೆಲಸದ ದೊಡ್ಡ ಪಾಲು. ದೂರು ಬರುವುದು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ: ‘ಆಫೀಸಿನ ಕಂಪ್ಯೂಟರಲ್ಲಿ ಮೇಲ್ ಬರ್ತಿದೆ, ಫೋನಲ್ಲಿ ಬರ್ತಿಲ್ಲ.’ ಈ ಒಂದು ಮಾತಿನ ಹಿಂದೆ ಹತ್ತಾರು ಕಾರಣಗಳಿರಬಹುದು. ಆದರೂ ಅವುಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಹೊರಟಿರುತ್ತವೆ: ಸರ್ವರ್ ಮತ್ತು ಫೋನ್ ಬೇರೆ ಬೇರೆ ವೇಗದಲ್ಲಿ ಹಳತಾಗುತ್ತವೆ. ಒಮ್ಮೆ ನೆಲೆನಿಲ್ಲಿಸಿದ ಸರ್ವರನ್ನು ಹತ್ತು ವರ್ಷ ಯಾರೂ ಮುಟ್ಟದಿರಬಹುದು. ಫೋನಿನ ತಂತ್ರಾಂಶ ಒಂದೇ ರಾತ್ರಿಯಲ್ಲಿ ತಾನಾಗಿ ಬದಲಾಗುತ್ತದೆ. ಇದರ ತಿರುವುಮುರುವೂ ಉಂಟು. ಸರ್ವರಿಗೆ ಹೊಸ ಭದ್ರತಾ ನಿಯಮ ಬಂದಿರುತ್ತದೆ, ತಯಾರಕರು ಎಂದೋ ಕೈಬಿಟ್ಟ ಫೋನು ಮಾತ್ರ ಇನ್ನೂ ಗ್ರಾಹಕರ ಜೇಬಿನಲ್ಲಿರುತ್ತದೆ. ಎರಡೂ ಕಡೆ ಒಪ್ಪುವ ನಿಯಮಗಳು ಕಡಿಮೆಯಾಗುತ್ತ ಹೋಗಿ ಒಂದು ದಿನ ಒಂದೂ ಉಳಿಯುವುದಿಲ್ಲ. ದೂರು ಬರುವುದು ಅಂದು.

ಹಿನ್ನೆಲೆ

ಮೇಲ್ ವ್ಯವಸ್ಥೆಯ ಮೂಲ ಪ್ರೋಟೋಕಾಲ್‌ಗಳು ರೂಪುಗೊಂಡಾಗ ಇಂದಿನ ಬಗೆಯ ಫೋನೇ ಇರಲಿಲ್ಲ. ಪತ್ರ ಸಾಗಿಸುವ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಆರ್‌ಎಫ್‌ಸಿ 821 ಎಂಬ ನಿಯಮಪತ್ರವಾಗಿ ಬರೆದರು. ಸರ್ವರಿನಿಂದ ಪತ್ರವನ್ನು ಇಳಿಸಿಕೊಳ್ಳುವ ಪಾಪ್‌ನ ಮೊದಲ ರೂಪ 1984ರದು. ಈಗ ಬಳಕೆಯಲ್ಲಿರುವ ಪಾಪ್3ರ ನಿಯಮ 1996ರದು. ಪತ್ರಗಳನ್ನು ಸರ್ವರಿನಲ್ಲೇ ಇರಿಸಿ ದೂರದಿಂದ ಓದುವ ಐಮ್ಯಾಪ್ ಅನ್ನು ಮಾರ್ಕ್ ಕ್ರಿಸ್ಪಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ 1986ರಲ್ಲಿ ರೂಪಿಸಿದರು. ಒಬ್ಬರ ಬಳಿ ಮೂರು ನಾಲ್ಕು ಸಾಧನಗಳಿರುವ ಕಾಲಕ್ಕೆ ಐಮ್ಯಾಪ್ ಚೆನ್ನಾಗಿ ಒಗ್ಗಿತು. ಆದರೆ ಅದು ಹುಟ್ಟಿದ್ದು ತಂತಿಯ ಜಾಲದಲ್ಲಿ, ಕೂತಲ್ಲೇ ಕೂತಿರುವ ಯಂತ್ರಗಳಿಗಾಗಿ. ಬ್ಯಾಟರಿ, ಗಳಿಗೆಗೊಮ್ಮೆ ಬದಲಾಗುವ ಐಪಿ ವಿಳಾಸ, ಲಿಫ್ಟಿನೊಳಗೆ ಹೊಕ್ಕೊಡನೆ ಕಡಿಯುವ ಸಂಪರ್ಕ ಇವು ಯಾವುವೂ ಅದರ ಲೆಕ್ಕದಲ್ಲಿರಲಿಲ್ಲ.

ಕೆನಡಾದ ರಿಸರ್ಚ್ ಇನ್ ಮೋಷನ್ ಕಂಪನಿ ಬ್ಲ್ಯಾಕ್‌ಬೆರಿಯಲ್ಲಿ ಈ ತೊಡಕನ್ನು ಎರಡೂ ತುದಿಗಳನ್ನು ತಾನೇ ಹಿಡಿದುಕೊಂಡು ಬಗೆಹರಿಸಿತು. ಫೋನೂ ಅದರದೇ, ಗ್ರಾಹಕ ಸಂಸ್ಥೆಯಲ್ಲಿ ಕೂರುವ ಸರ್ವರ್ ತಂತ್ರಾಂಶವೂ ಅದರದೇ, ನಡುವಿನ ಕೇಂದ್ರವೂ ಅದರದೇ. ಹೊಂದಾಣಿಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಇದಕ್ಕೆ ತೆತ್ತ ಬೆಲೆ 2011ರ ಅಕ್ಟೋಬರಿನಲ್ಲಿ ಕಂಡಿತು. ಆ ಕೇಂದ್ರ ಜಾಲದಲ್ಲಿ ಸ್ವಿಚ್ಚೊಂದು ಕೈಕೊಟ್ಟಾಗ ಯುರೋಪು, ಪಶ್ಚಿಮ ಏಷ್ಯಾ, ಆಫ್ರಿಕಾ, ಭಾರತಗಳಲ್ಲಿ ದಿನಗಟ್ಟಲೆ ಸೇವೆ ಅಸ್ತವ್ಯಸ್ತವಾಯಿತು. ಹಳೆಯ ಬ್ಲ್ಯಾಕ್‌ಬೆರಿ ಫೋನುಗಳ ಸೇವೆ 2022ರ ಜನವರಿ 4ರಂದು ಪೂರ್ತಿ ನಿಂತಿತು.

ಅದರ ಜಾಗವನ್ನು ತುಂಬಿದ್ದು ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಆ್ಯಕ್ಟಿವ್‌ಸಿಂಕ್. ವೆಬ್ ಪುಟಗಳು ಬಳಸುವ ಎಚ್‌ಟಿಟಿಪಿಯ ಮೇಲೆಯೇ ಓಡುವ ಈ ಪ್ರೋಟೋಕಾಲ್ ಮೇಲ್, ಕ್ಯಾಲೆಂಡರ್, ವಿಳಾಸಪಟ್ಟಿ ಮೂರನ್ನೂ ಒಂದೇ ದಾರಿಯಲ್ಲಿ ಸಾಗಿಸುತ್ತದೆ. ಕಳೆದುಹೋದ ಫೋನನ್ನು ದೂರದಿಂದಲೇ ಅಳಿಸಲು ಆಡಳಿತಗಾರರಿಗೆ ಅಧಿಕಾರ ಕೊಡುತ್ತದೆ. 2008ರಲ್ಲಿ ಆಪಲ್ ಇದರ ಪರವಾನಗಿ ಪಡೆದು ಐಫೋನಿನ ಎರಡನೆಯ ಆವೃತ್ತಿಯ ತಂತ್ರಾಂಶಕ್ಕೆ ಸೇರಿಸಿಕೊಂಡಿತು. ಅಲ್ಲಿಂದ ಮುಂದೆ ಸರ್ವರ್ ಒಬ್ಬರದು, ಫೋನು ಇನ್ನೊಬ್ಬರದು, ನಡುವಿನ ಜಾಲ ಮೂರನೆಯವರದು. ಈ ಲೇಖನದ ವಿಷಯ ಹುಟ್ಟಿದ್ದೇ ಆಗ.

ಮೊದಲ ವಿಂಗಡಣೆ

ಅನುಭವಿ ಆಡಳಿತಗಾರರು ಫೋನನ್ನು ಕೈಗೆತ್ತಿಕೊಳ್ಳುವ ಮೊದಲು ಕೆಲವು ಪ್ರಶ್ನೆ ಕೇಳುತ್ತಾರೆ. ಒಬ್ಬರಿಗೆ ಮಾತ್ರವೋ, ಎಲ್ಲರಿಗೂವೋ? ಎಲ್ಲ ಫೋನುಗಳಲ್ಲೋ, ಒಂದೇ ತಯಾರಕರ ಫೋನುಗಳಲ್ಲೋ? ವೈಫೈನಲ್ಲೋ, ಮೊಬೈಲ್ ಡೇಟಾದಲ್ಲೋ? ಪತ್ರ ಬರುತ್ತಿಲ್ಲವೋ, ಹೋಗುತ್ತಿಲ್ಲವೋ? ಎಂದಿನಿಂದ? ಕೊನೆಯ ಪ್ರಶ್ನೆಗೆ ‘ನಾನು ಏನೂ ಬದಲಾಯಿಸಿಲ್ಲ’ ಎಂಬ ಉತ್ತರ ಬರುವುದು ಖಚಿತ. ಆ ಉತ್ತರ ನಿಜವೂ ಆಗಿರುತ್ತದೆ, ಏಕೆಂದರೆ ಬದಲಾವಣೆ ಗ್ರಾಹಕರನ್ನು ಕೇಳಿ ಬರುವುದಿಲ್ಲ.

ಫೋನು ತೋರಿಸುವ ದೋಷಸಂದೇಶವನ್ನು ಅತಿಯಾಗಿ ನಂಬಬಾರದು. ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದು ಬಂದರೆ ಪಾಸ್‌ವರ್ಡ್ ಸರಿಯಿದ್ದು ಆ ವಿಧಾನದ ಪ್ರವೇಶವನ್ನೇ ಸರ್ವರ್ ನಿಲ್ಲಿಸಿರಬಹುದು. ‘ಸರ್ವರಿಗೆ ಸಂಪರ್ಕ ಸಾಧ್ಯವಿಲ್ಲ’ ಎಂದರೆ ಸಂಪರ್ಕವೇನೋ ಆಗಿ ಗೂಢಲಿಪಿಯ ಮಾತುಕತೆ ಮುರಿದಿರಬಹುದು. ಸಣ್ಣ ಪರದೆಗೆಂದು, ಗಾಬರಿ ಆಗದಿರಲೆಂದು ಆ್ಯಪ್ ತಯಾರಕರು ಹತ್ತು ಬಗೆಯ ವೈಫಲ್ಯಗಳನ್ನು ಒಂದೇ ವಾಕ್ಯದಲ್ಲಿ ಅಡಗಿಸಿಟ್ಟಿರುತ್ತಾರೆ. ಸತ್ಯ ಸಿಗುವುದು ಸರ್ವರಿನ ಲಾಗ್‌ನಲ್ಲಿ. ಗ್ರಾಹಕರಿಗೆ ಫೋನಿನಲ್ಲಿ ಮೇಲ್ ತೆರೆಯಲು ಹೇಳಿ ಅದೇ ಗಳಿಗೆಯ ಲಾಗ್ ನೋಡಬೇಕು. ಅಲ್ಲಿ ಸಾಲೇ ಮೂಡದಿದ್ದರೆ ತೊಡಕು ದಾರಿಯಲ್ಲಿದೆ. ಸಂಪರ್ಕ ಬಂದು ತಕ್ಷಣ ಕಡಿದಿದ್ದರೆ ಸರ್ಟಿಫಿಕೇಟ್ ಅಥವಾ ಗೂಢಲಿಪಿಯದು. ಪ್ರವೇಶ ನಿರಾಕರಣೆ ಕಂಡರೆ ಗುರುತು ದೃಢಪಡಿಸುವ ಹಂತದ್ದು. ಪ್ರವೇಶ ಸಿಕ್ಕಿಯೂ ಪತ್ರ ಕಾಣದಿದ್ದರೆ ಫೋಲ್ಡರ್, ಗಾತ್ರ ಅಥವಾ ಆ್ಯಪ್‌ನದು. ಈ ನಾಲ್ಕರಲ್ಲಿ ಯಾವುದು ಎಂದು ಗೊತ್ತಾಗುವ ಮೊದಲೇ ಖಾತೆಯನ್ನು ಅಳಿಸಿ ಮತ್ತೆ ಸೇರಿಸಿ ಎಂದು ಸಲಹೆ ಕೊಡುವ ರೂಢಿ ಇದೆ. ಕೆಟ್ಟ ರೂಢಿ. ಪಾಪ್ ಖಾತೆಯಾಗಿದ್ದರೆ ಫೋನಿನಲ್ಲಿ ಮಾತ್ರ ಉಳಿದಿದ್ದ ಪತ್ರಗಳು ಅದರೊಂದಿಗೇ ಹೋಗುತ್ತವೆ.

ಹೆಸರು, ಪೋರ್ಟ್, ಜಾಲ

ಆಫೀಸಿನ ವೈಫೈನಲ್ಲಿ ಕೆಲಸ ಮಾಡಿ ಹೊರಗೆ ಹೋದೊಡನೆ ನಿಲ್ಲುವ, ಅಥವಾ ಹೊರಗೆ ಕೆಲಸ ಮಾಡಿ ಆಫೀಸಿಗೆ ಬಂದೊಡನೆ ನಿಲ್ಲುವ ಫೋನು ಹೆಸರಿನ ತೊಡಕಿನದು. ಸರ್ವರ್ ಆಫೀಸಿನೊಳಗೇ ಇದ್ದರೆ ಒಳಗಿನವರಿಗೆ ಅದರ ಖಾಸಗಿ ವಿಳಾಸ, ಹೊರಗಿನವರಿಗೆ ಸಾರ್ವಜನಿಕ ವಿಳಾಸ ಸಿಗುವಂತೆ ಡಿಎನ್‌ಎಸ್ ಎರಡು ಮುಖ ತೋರಿಸಬೇಕಾಗುತ್ತದೆ. ಇಲ್ಲದಿದ್ದರೆ ಒಳಗಿನ ಫೋನು ಸಾರ್ವಜನಿಕ ವಿಳಾಸಕ್ಕೆ ಹೋಗಿ ರೂಟರಿಗೆ ಡಿಕ್ಕಿ ಹೊಡೆಯುತ್ತದೆ. ಹೋದ ಬಾಗಿಲಿನಿಂದಲೇ ಮರಳಿ ಒಳಗೆ ಬಿಡುವುದು ಎಷ್ಟೋ ರೂಟರುಗಳಿಗೆ ಬಾರದು.

ಭಾರತದಲ್ಲಿ ಇದಕ್ಕೆ ಐಪಿವಿ6ರ ಆಯಾಮವೂ ಸೇರಿಕೊಂಡಿದೆ. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಜಾಲ ಮೊದಲಿನಿಂದಲೇ ಫೋನುಗಳಿಗೆ ಐಪಿವಿ6 ವಿಳಾಸ ಹಂಚಿತು. ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿರುವುದಕ್ಕೆ ಮೊಬೈಲ್ ಜಾಲಗಳೇ ಮುಖ್ಯ ಕಾರಣ. ಈಗ ಸಣ್ಣ ಸಂಸ್ಥೆಯೊಂದರ ಮೇಲ್ ಸರ್ವರನ್ನು ಊಹಿಸಿಕೊಳ್ಳಿ. ಹೋಸ್ಟಿಂಗ್ ಕಂಪನಿ ಅದರ ಹೆಸರಿಗೆ ಐಪಿವಿ6 ದಾಖಲೆಯನ್ನೂ ಸೇರಿಸಿದೆ, ಆದರೆ ಮೇಲ್ ತಂತ್ರಾಂಶ ಐಪಿವಿ4ರಲ್ಲಿ ಮಾತ್ರ ಕಿವಿಗೊಟ್ಟು ಕೂತಿದೆ. ಐಪಿವಿ4 ಮಾತ್ರ ಇರುವ ಆಫೀಸಿನ ಬ್ರಾಡ್‌ಬ್ಯಾಂಡಿನಲ್ಲಿ ಎಲ್ಲವೂ ಸರಿ. ಮೊಬೈಲ್ ಡೇಟಾದಲ್ಲಿ ಫೋನು ಮೊದಲು ಐಪಿವಿ6 ಬಾಗಿಲು ತಟ್ಟಿ ಕಾಯುತ್ತದೆ. ಎರಡೂ ದಾರಿಗಳನ್ನು ಬೆನ್ನುಬೆನ್ನಿಗೆ ಪ್ರಯತ್ನಿಸುವ ಕ್ರಮವನ್ನು ನಿಯಮಪತ್ರಗಳು ಹೇಳಿವೆಯಾದರೂ ಎಲ್ಲ ಆ್ಯಪ್‌ಗಳೂ ಅದನ್ನು ಪಾಲಿಸುವುದಿಲ್ಲ. ದೂರು ಬಂದಾಗ ಸಿಮ್ ಬದಲಿಸಿದರೆ ಸರಿಹೋಗುತ್ತದೆ, ತಪ್ಪು ಜಾಲದವರ ತಲೆಗೆ ಕಟ್ಟುತ್ತದೆ.

ಐಪಿವಿ4 ದಾರಿಯಲ್ಲಿ ಇನ್ನೊಂದು ಉಪದ್ರವ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಸಾಕಷ್ಟು ಮಂದಿ ಗ್ರಾಹಕರನ್ನು ಕೂರಿಸುತ್ತವೆ. ತಪ್ಪು ಪಾಸ್‌ವರ್ಡ್ ಪದೇ ಪದೇ ಬಂದ ವಿಳಾಸವನ್ನು ಫೇಲ್2ಬ್ಯಾನ್‌ನಂಥ ಕಾವಲು ತಂತ್ರಾಂಶ ತಡೆಹಿಡಿದರೆ, ಒಬ್ಬರ ಮರೆವಿಗೆ ಅದೇ ವಿಳಾಸದ ಹಿಂದಿರುವ ಉಳಿದವರೂ ಹೊರಗುಳಿಯುತ್ತಾರೆ. ಅರ್ಧ ಗಂಟೆಯ ಬಳಿಕ ತಾನಾಗಿ ಸರಿಹೋಗುವ, ಕಾರಣ ತಿಳಿಯದ ದೂರುಗಳನ್ನು ಮೊದಲು ಈ ಕಾವಲಿನ ಪಟ್ಟಿಯಲ್ಲಿ ಹುಡುಕಬೇಕು.

ಪತ್ರ ಬರುತ್ತದೆ, ಹೋಗುವುದಿಲ್ಲ ಎಂಬ ದೂರಿನ ಕಥೆಯೇ ಬೇರೆ. ಬರುವ ದಾರಿ ಐಮ್ಯಾಪ್, ಹೋಗುವ ದಾರಿ ಎಸ್‌ಎಂಟಿಪಿ. ಎರಡಕ್ಕೂ ಬೇರೆ ಸೆಟ್ಟಿಂಗ್. ಐಫೋನಿನಲ್ಲಿ ಕೈಯಾರೆ ಖಾತೆ ಸೇರಿಸುವಾಗ ಹೊರಹೋಗುವ ಸರ್ವರಿನ ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳ ಪಕ್ಕದಲ್ಲಿ ‘ಐಚ್ಛಿಕ’ ಎಂಬರ್ಥದ ಮಾತಿರುತ್ತದೆ. ಅದನ್ನು ನಂಬಿ ಖಾಲಿ ಬಿಟ್ಟವರ ಪತ್ರವನ್ನು ಸರ್ವರ್ ಅಪರಿಚಿತರ ಪತ್ರವೆಂದು ತಿರಸ್ಕರಿಸುತ್ತದೆ. ಹಳೆಯ ಪೋರ್ಟ್ 25ನ್ನು ಬಳಸಿದರೆ ಸ್ಪ್ಯಾಮ್ ತಡೆಗಾಗಿ ಜಾಲದವರೇ ಅದನ್ನು ಮುಚ್ಚಿರಬಹುದು. ಗ್ರಾಹಕರ ಪತ್ರ ಸ್ವೀಕರಿಸಲೆಂದೇ ಪೋರ್ಟ್ 587 ಅನ್ನು 1998ರ ನಿಯಮಪತ್ರ ಮೀಸಲಿಟ್ಟಿತು. ಪೋರ್ಟ್ 465ರ ಕಥೆ ವಿಚಿತ್ರ: 1997ರಲ್ಲಿ ಗೂಢಲಿಪಿಯ ಎಸ್‌ಎಂಟಿಪಿಗೆಂದು ನೋಂದಣಿಯಾಗಿ ಮರುವರ್ಷ ರದ್ದಾದರೂ ಎಲ್ಲರೂ ಬಳಸುತ್ತಲೇ ಹೋದರು, 2018ರ ಆರ್‌ಎಫ್‌ಸಿ 8314 ಅದನ್ನು ಮತ್ತೆ ವಿಧಿಬದ್ಧಗೊಳಿಸಿತು. ಇನ್ನೊಂದು ಸೂಕ್ಷ್ಮ: ಮನೆ ಮತ್ತು ಮೊಬೈಲ್ ಜಾಲಗಳ ವಿಳಾಸಗಳನ್ನು ಸ್ಪ್ಯಾಮ್‌ಹೌಸ್ ಸಂಸ್ಥೆ ‘ಇಲ್ಲಿಂದ ನೇರ ಮೇಲ್ ಬರಬಾರದು’ ಎಂಬ ಪಟ್ಟಿಯಲ್ಲಿಡುತ್ತದೆ. ಸರ್ವರ್ ಆ ಪಟ್ಟಿಯನ್ನು ಗ್ರಾಹಕರ ಗುರುತು ಕೇಳುವ ಮೊದಲೇ ನೋಡಿದರೆ ಸ್ವಂತ ಗ್ರಾಹಕರನ್ನೇ ಓಡಿಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ಎರಡು ಸಾಲುಗಳ ಅನುಕ್ರಮ ತಿರುಗಿಸಿದರೆ ಇದು ಮುಗಿಯುತ್ತದೆ.

ಸರ್ಟಿಫಿಕೇಟ್ ಮತ್ತು ಗೂಢಲಿಪಿ

ಮೊಬೈಲ್ ದೂರುಗಳಲ್ಲಿ ಹೆಚ್ಚು ತಲೆನೋವಿನ, ಹೆಚ್ಚು ಕಲಿಸುವ ಭಾಗ ಇದು. ಫೋನು ಸರ್ವರಿನ ಸರ್ಟಿಫಿಕೇಟನ್ನು ನೇರವಾಗಿ ನಂಬುವುದಿಲ್ಲ. ಪರಿಚಯವಿಲ್ಲದವರು ಮದುವೆಯ ಮಾತಿಗೆ ಬಂದಾಗ ನಡುವಿನ ಬಂಧುವೊಬ್ಬರು ಬೇಕಾದಂತೆ, ಸರ್ವರಿನ ಸರ್ಟಿಫಿಕೇಟಿಗೂ ಫೋನಿನಲ್ಲಿ ಮೊದಲೇ ಇರುವ ಮೂಲ ಪ್ರಾಧಿಕಾರದ ಸರ್ಟಿಫಿಕೇಟಿಗೂ ನಡುವೆ ಮಧ್ಯಂತರ ಸರ್ಟಿಫಿಕೇಟೊಂದು ಇರುತ್ತದೆ, ಅದನ್ನು ಸರ್ವರೇ ಒದಗಿಸಬೇಕು. ಆಡಳಿತಗಾರರು ಅದನ್ನು ಸೇರಿಸಲು ಮರೆತರೂ ವಿಂಡೋಸ್ ಕಂಪ್ಯೂಟರು ಸರ್ಟಿಫಿಕೇಟಿನಲ್ಲಿ ಬರೆದ ವಿಳಾಸದಿಂದ ಅದನ್ನು ತಾನೇ ತರಿಸಿಕೊಂಡು ಸುಮ್ಮನಾಗುತ್ತದೆ. ಆಂಡ್ರಾಯ್ಡ್ ತರಿಸಿಕೊಳ್ಳುವುದಿಲ್ಲ. ವೆಬ್‌ಮೇಲ್ ಬ್ರೌಸರಿನಲ್ಲಿ ಚೆನ್ನಾಗಿ ತೆರೆಯುತ್ತದೆ, ಫೋನಿನ ಆ್ಯಪ್ ಮಾತ್ರ ‘ನಂಬಲರ್ಹವಲ್ಲ’ ಎನ್ನುತ್ತದೆ. ಫೋನಿನ ತಪ್ಪಿನಂತೆ ಕಂಡರೂ ತಪ್ಪು ಸರ್ವರಿನದು. ಓಪನ್‌ಎಸ್‌ಎಸ್‌ಎಲ್‌ನ ‘ಎಸ್_ಕ್ಲೈಂಟ್’ ಆಜ್ಞೆಯಿಂದ ಗೂಢಲಿಪಿಯ ಐಮ್ಯಾಪ್ ಬಳಸುವ ಪೋರ್ಟ್ 993ಕ್ಕೆ ಸಂಪರ್ಕಿಸಿದರೆ ಸರ್ವರ್ ಎಷ್ಟು ಸರ್ಟಿಫಿಕೇಟುಗಳನ್ನು ಕಳುಹಿಸುತ್ತಿದೆ ಎಂಬುದು ನಿಮಿಷದಲ್ಲಿ ಗೊತ್ತಾಗುತ್ತದೆ.

ಅದೇ ಪರೀಕ್ಷೆ ಇನ್ನೊಂದು ಸಾಮಾನ್ಯ ದೋಷವನ್ನೂ ಬಯಲು ಮಾಡುತ್ತದೆ. ಸರ್ಟಿಫಿಕೇಟ್ ತಾನಾಗಿ ನವೀಕರಣವಾಗಿ ಕಡತ ಹೊಸತಾಗಿರುತ್ತದೆ, ವೆಬ್ ಸರ್ವರ್ ಹೊಸದನ್ನೇ ತೋರಿಸುತ್ತಿರುತ್ತದೆ, ಮೇಲ್ ತಂತ್ರಾಂಶ ಮಾತ್ರ ಮರುಓದಿಲ್ಲದೆ ನೆನಪಿನಲ್ಲಿದ್ದ ಹಳೆಯದನ್ನೇ ಹಿಡಿದು ಕೂತಿರುತ್ತದೆ. ಬ್ರೌಸರಿನಲ್ಲಿ ನೋಡಿ ‘ಸರ್ಟಿಫಿಕೇಟ್ ಸರಿಯಿದೆ’ ಎಂದು ಷರಾ ಬರೆದವರು ನೋಡಿದ್ದು ಬೇರೆಯೇ ಬಾಗಿಲು. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಗ್ರಾಹಕರ ಸ್ವಂತ ಡೊಮೇನಿನ ಹೆಸರು ಫೋನಿನಲ್ಲಿದ್ದು, ಸರ್ಟಿಫಿಕೇಟು ಹೋಸ್ಟಿಂಗ್ ಕಂಪನಿಯ ಹೆಸರಿನಲ್ಲಿರುವುದೂ ಅಷ್ಟೇ ಸಾಮಾನ್ಯ. ಇಂಥ ಕಡೆ ಕೆಲವು ಆ್ಯಪ್‌ಗಳು ‘ಎಲ್ಲ ಸರ್ಟಿಫಿಕೇಟುಗಳನ್ನೂ ಒಪ್ಪು’ ಎಂಬ ಆಯ್ಕೆ ಕೊಡುತ್ತವೆ. ಗ್ರಾಹಕರಿಗೆ ಅದನ್ನು ಹೇಳಿಕೊಡುವ ಸಹಾಯಕೇಂದ್ರ ಅವರ ಪಾಸ್‌ವರ್ಡನ್ನು ಮುಂದಿನ ರೈಲ್ವೆ ನಿಲ್ದಾಣದ ವೈಫೈಗೆ ಒಪ್ಪಿಸಿಕೊಟ್ಟಂತೆಯೇ. ಫೋನಿನ ದಿನಾಂಕ ತಪ್ಪಿದ್ದರೂ ಸರ್ಟಿಫಿಕೇಟ್ ಅಸಿಂಧುವೆಂದು ಕಾಣುತ್ತದೆ. ಕೇಳಲು ಮುಜುಗರವಾಗುವ ಪ್ರಶ್ನೆ, ಆದರೂ ಕೇಳಬೇಕು.

ಮೂಲ ಪ್ರಾಧಿಕಾರಗಳ ಪಟ್ಟಿ ಫೋನಿನ ತಂತ್ರಾಂಶದೊಳಗೇ ಕೂತಿರುವುದರಿಂದ ನವೀಕರಣ ನಿಂತ ಫೋನು ಹೊಸ ಪ್ರಾಧಿಕಾರವನ್ನು ಎಂದಿಗೂ ಅರಿಯದು. ಇದಕ್ಕೆ ಪಾಠವಾಗಿ ನಿಂತದ್ದು ಲೆಟ್ಸ್ ಎನ್‌ಕ್ರಿಪ್ಟ್ ಪ್ರಸಂಗ. 2015ರಿಂದ ಉಚಿತ ಸರ್ಟಿಫಿಕೇಟ್ ಕೊಡುತ್ತಿರುವ ಈ ಸಂಸ್ಥೆ ಮೊದಲು ಬೇರೊಂದು ಪ್ರಾಧಿಕಾರದ ಹಳೆಯ ಮೂಲ ಸರ್ಟಿಫಿಕೇಟಿನ ಆಸರೆಯಲ್ಲಿತ್ತು. ಆ ಮೂಲದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಸಂಸ್ಥೆಯ ಸ್ವಂತ ಮೂಲ ಸರ್ಟಿಫಿಕೇಟು ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಲ್ಲಿರಲಿಲ್ಲ. ಹಳೆಯ ಆಂಡ್ರಾಯ್ಡ್ ತನ್ನೊಳಗಿನ ಮೂಲ ಸರ್ಟಿಫಿಕೇಟಿನ ಅವಧಿಯನ್ನು ಪರೀಕ್ಷಿಸುವುದಿಲ್ಲ ಎಂಬ ಅಂಶವನ್ನೇ ಹಿಡಿದು, ಮುಗಿದುಹೋದ ಮೂಲಕ್ಕೆ ಜೋಡಿಸಿದ ವಿಶೇಷ ಸರಪಳಿಯೊಂದನ್ನು ರೂಪಿಸಿ ಆ ಫೋನುಗಳನ್ನು ಉಳಿಸಲಾಯಿತು. ಆದರೆ ಅದೇ ಸರಪಳಿಯನ್ನು ಕಂಡು ಓಪನ್‌ಎಸ್‌ಎಸ್‌ಎಲ್ 1.0.2 ಬಳಸುವ ತಂತ್ರಾಂಶಗಳು ಮುಗ್ಗರಿಸಿದವು. ಒಬ್ಬರನ್ನು ಉಳಿಸುವ ಉಪಾಯವೇ ಇನ್ನೊಬ್ಬರಿಗೆ ಅಪಾಯ. ಆ ಆಸರೆಯೂ 2024ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು.

ತಿರುವುಮುರುವು ದಿಕ್ಕಿನ ಉದಾಹರಣೆ ಆಪಲ್‌ನದು. 2019ರ ಐಓಎಸ್ 13, ಎಸ್‌ಎಚ್‌ಎ-1 ಸಹಿಯ ಸರ್ಟಿಫಿಕೇಟುಗಳನ್ನೂ 2048 ಬಿಟ್‌ಗಿಂತ ಕಿರಿದಾದ ಆರ್‌ಎಸ್‌ಎ ಕೀಲಿಗಳನ್ನೂ ನಿರಾಕರಿಸಿತು. ಸರ್ವರಿನ ಹೆಸರು ಹಳೆಯ ‘ಕಾಮನ್ ನೇಮ್’ ಜಾಗದಲ್ಲಿ ಮಾತ್ರ ಇದ್ದರೆ ಸಾಲದು ಎಂದಿತು. ಸಂಸ್ಥೆಯೊಳಗೇ ಹತ್ತು ವರ್ಷದ ಅವಧಿಗೆ ಸರ್ಟಿಫಿಕೇಟ್ ತಯಾರಿಸಿಕೊಂಡು ನೆಮ್ಮದಿಯಿಂದಿದ್ದವರ ಫೋನುಗಳು ಐಓಎಸ್ ನವೀಕರಿಸಿದ ಮರುದಿನ ಮೌನವಾದವು. ಆಂಡ್ರಾಯ್ಡ್ 7ರಿಂದ ಬಳಕೆದಾರರು ತಾವೇ ಸೇರಿಸಿದ ಪ್ರಾಧಿಕಾರವನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಸ್ವಂತ ಪ್ರಾಧಿಕಾರದ ಕಾಲ ಫೋನುಗಳ ಮಟ್ಟಿಗೆ ಬಹುಪಾಲು ಮುಗಿದಿದೆ. ಸಾರ್ವಜನಿಕ ಸರ್ಟಿಫಿಕೇಟುಗಳ ಅವಧಿಯನ್ನು 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸಲು ಬ್ರೌಸರ್ ತಯಾರಕರೂ ಪ್ರಾಧಿಕಾರಗಳೂ 2025ರಲ್ಲಿ ಒಪ್ಪಿದ್ದಾರೆ. ಕೈಯಾರೆ ನವೀಕರಿಸುವ ಅಭ್ಯಾಸ ಆಮೇಲೆ ನಡೆಯದು.

ಸಂಪರ್ಕವನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್ ಪ್ರೋಟೋಕಾಲಿನ ಆವೃತ್ತಿಯ ಜಗಳವೂ ಇದೇ ಜಾತಿಯದು. 1.0 ಮತ್ತು 1.1 ಆವೃತ್ತಿಗಳು ಬಳಕೆಗೆ ಸಲ್ಲವೆಂದು 2021ರ ಆರ್‌ಎಫ್‌ಸಿ 8996 ಸಾರಿತು. ಆಂಡ್ರಾಯ್ಡಿನಲ್ಲಿ 1.2 ಆವೃತ್ತಿ 4.1ರಿಂದ ಇದ್ದರೂ ತಾನಾಗಿ ಚಾಲೂ ಆದದ್ದು 5.0ರಲ್ಲಿ. ಆದ್ದರಿಂದ ಸರ್ವರಿನಲ್ಲಿ ಹಳೆಯ ಆವೃತ್ತಿಗಳನ್ನು ನಿಲ್ಲಿಸಿದ ದಿನ ಆಂಡ್ರಾಯ್ಡ್ 4ರ ಫೋನುಗಳು ಹೊರಬೀಳುತ್ತವೆ. ಲಾಗ್‌ನಲ್ಲಿ ಟಿಎಲ್‌ಎಸ್ ಎಚ್ಚರಿಕೆಯ ಸಂಖ್ಯೆ 70 ಕಂಡರೆ ಆವೃತ್ತಿಯ ಜಗಳ, 48 ಕಂಡರೆ ಅರಿಯದ ಪ್ರಾಧಿಕಾರ, 45 ಕಂಡರೆ ಅವಧಿ ಮುಗಿದ ಸರ್ಟಿಫಿಕೇಟು. ಈ ಮೂರು ಸಂಖ್ಯೆ ನೆನಪಿದ್ದರೆ ಎಷ್ಟೋ ಊಹಾಪೋಹ ತಪ್ಪುತ್ತದೆ.

ಗುರುತು ದೃಢಪಡಿಸುವಿಕೆ

ಹೆಸರು, ಪಾಸ್‌ವರ್ಡ್ ಎರಡನ್ನೇ ಪ್ರತಿ ಸಂಪರ್ಕದಲ್ಲೂ ಕಳುಹಿಸುವ ಸರಳ ವಿಧಾನವನ್ನು ದೊಡ್ಡ ಸೇವೆಗಳು ಕೈಬಿಟ್ಟಿವೆ. ಗೂಗಲ್ 2022ರ ಮೇ 30ರಿಂದ ಸಾಮಾನ್ಯ ಖಾತೆಗಳಲ್ಲಿ ಅದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಅದೇ ವರ್ಷದ ಅಕ್ಟೋಬರ್ 1ರಿಂದ ಹಂತಹಂತವಾಗಿ ಮುಚ್ಚತೊಡಗಿತು. ಈಗ ಬಳಕೆಯಲ್ಲಿರುವ ಓಆತ್ ಕ್ರಮದಲ್ಲಿ ಆ್ಯಪ್ ಪಾಸ್‌ವರ್ಡನ್ನು ಕಾಣುವುದೇ ಇಲ್ಲ. ಬ್ರೌಸರಿನ ಕಿಟಕಿಯಲ್ಲಿ ಪ್ರವೇಶ ಪಡೆದ ಮೇಲೆ ಅದಕ್ಕೊಂದು ಅವಧಿಯುಳ್ಳ ಟೋಕನ್ ಸಿಗುತ್ತದೆ. ಇದನ್ನು ಅರಿಯದ ಹಳೆಯ ಆ್ಯಪ್ ಸರಿಯಾದ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೇಳುತ್ತದೆ. ಎರಡು ಹಂತದ ಪರಿಶೀಲನೆ ಇರುವ ಗೂಗಲ್ ಖಾತೆಗೆ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಒಂದು ಅಡ್ಡದಾರಿ. ಸ್ವಂತ ಸರ್ವರ್ ನಡೆಸುವವರ ಪಾಡು ಮಾತ್ರ ನಡುನೀರಿನದು: ಡವ್‌ಕಾಟ್ ಎಂಬ ಐಮ್ಯಾಪ್ ಸರ್ವರ್ ತಂತ್ರಾಂಶ ಓಆತ್‌ಗೆ ಸಿದ್ಧವಿದ್ದರೂ ಬಹುತೇಕ ಮೇಲ್ ಆ್ಯಪ್‌ಗಳಲ್ಲಿ ಆ ಸೌಲಭ್ಯ ಗೂಗಲ್, ಮೈಕ್ರೋಸಾಫ್ಟ್‌ನಂಥ ದೊಡ್ಡ ಹೆಸರುಗಳಿಗೆ ಮಾತ್ರ ಬರೆದಿಟ್ಟದ್ದು. ಹೀಗಾಗಿ ಸಣ್ಣ ಸರ್ವರುಗಳು ಇಂದಿಗೂ ಪಾಸ್‌ವರ್ಡಿನಲ್ಲೇ ನಡೆಯುತ್ತಿವೆ.

ಪಾಸ್‌ವರ್ಡ್ ಬದಲಿಸಿದ ದಿನದಿಂದ ಖಾತೆಗೆ ಗಂಟೆಗೊಮ್ಮೆ ಬೀಗ ಬೀಳುತ್ತಿದ್ದರೆ ಮರೆತುಹೋದ ಸಾಧನವೊಂದನ್ನು ಹುಡುಕಬೇಕು. ಮನೆಯ ಕಪಾಟಿನಲ್ಲಿ ಚಾರ್ಜಿಗಿಟ್ಟ, ಮಕ್ಕಳ ಆಟಕ್ಕೆ ಕೊಟ್ಟ ಹಳೆಯ ಟ್ಯಾಬ್ಲೆಟ್ ಹಳೆಯ ಪಾಸ್‌ವರ್ಡನ್ನೇ ಹಿಡಿದು ಬಾಗಿಲು ಬಡಿಯುತ್ತಿರುತ್ತದೆ. ಗ್ರಾಹಕರು ಅದನ್ನು ತಮ್ಮ ಸಾಧನಗಳ ಲೆಕ್ಕದಲ್ಲೇ ಹೇಳಿರುವುದಿಲ್ಲ.

ಆ್ಯಕ್ಟಿವ್‌ಸಿಂಕ್‌ನ ವಿಶೇಷ ರೋಗಗಳು

ಮೈಕ್ರೋಸಾಫ್ಟಿನ ಮೇಲ್ ಸರ್ವರ್ ತಂತ್ರಾಂಶವಾದ ಎಕ್ಸ್‌ಚೇಂಜ್ ಜಗತ್ತಿನ ಹೆಸರಾಂತ ಪೇಚು ಸಿಬ್ಬಂದಿಗಿಂತ ಆಡಳಿತಗಾರರನ್ನೇ ಕಾಡುತ್ತದೆ. ಎಲ್ಲರ ಫೋನಿನಲ್ಲೂ ಮೇಲ್ ಬಂದು ಆಡಳಿತಗಾರರ ಫೋನಿನಲ್ಲಿ ಮಾತ್ರ ಬರದು. ಸರ್ವರಿನ ಲಾಗ್‌ನಲ್ಲಿ 1053 ಎಂಬ ಈವೆಂಟ್ ಬಿದ್ದಿರುತ್ತದೆ. ಬಳಕೆದಾರರ ಖಾತೆಗಳನ್ನಿಡುವ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ವಿಶೇಷಾಧಿಕಾರದ ಗುಂಪಿಗೆ ಸೇರಿದ ಖಾತೆಗೆ ಮೇಲಿನಿಂದ ಅನುಮತಿಗಳು ಹರಿದುಬರುವುದಿಲ್ಲ. ಹೊಸ ಫೋನಿನ ದಾಖಲೆಯನ್ನು ಆ ಖಾತೆಯಡಿ ಬರೆಯಲು ಎಕ್ಸ್‌ಚೇಂಜಿಗೆ ಅಧಿಕಾರವಿಲ್ಲದೆ ಹೋಗುತ್ತದೆ. ಅನುಮತಿಯ ಗುರುತು ಹಾಕಿದರೆ ಫೋನು ನಡೆಯುತ್ತದೆ, ಆದರೆ ಗಂಟೆಗೊಮ್ಮೆ ಓಡುವ ಕಾವಲು ಕಾರ್ಯ ಅದನ್ನು ಮತ್ತೆ ತೆಗೆದುಹಾಕುತ್ತದೆ. ಸರಿಯಾದ ಪರಿಹಾರ ದಿನನಿತ್ಯದ ಮೇಲ್‌ಗೂ ಆಡಳಿತಕ್ಕೂ ಬೇರೆ ಬೇರೆ ಖಾತೆ ಇಟ್ಟುಕೊಳ್ಳುವುದು. ಭದ್ರತೆಯ ದೃಷ್ಟಿಯಿಂದ ಮೊದಲೇ ಮಾಡಬೇಕಿದ್ದ ಕೆಲಸ ಅದು.

ಫೋನಿನ ಹೊಸ ಆವೃತ್ತಿಯೇ ಸರ್ವರನ್ನು ಕೆಡವಿದ ಪ್ರಸಂಗವೂ ನಡೆದಿದೆ. 2013ರ ಜನವರಿ ಕೊನೆಯಲ್ಲಿ ಬಂದ ಐಓಎಸ್ 6.1, ಮರುಕಳಿಸುವ ಸಭೆಗಳ ಕ್ಯಾಲೆಂಡರ್ ನಮೂದುಗಳಲ್ಲಿ ಸಿಕ್ಕಿಕೊಂಡು ಸರ್ವರಿಗೆ ಒಂದೇ ಕೋರಿಕೆಯನ್ನು ಎಡೆಬಿಡದೆ ಕಳುಹಿಸಿತು. ಎಕ್ಸ್‌ಚೇಂಜಿನ ಲಾಗ್ ಕಡತಗಳು ಊದಿಕೊಂಡವು, ಫೋನಿನ ಬ್ಯಾಟರಿಯೂ ಬೇಗ ಬರಿದಾಯಿತು. ಆ ಆವೃತ್ತಿಯ ಫೋನುಗಳನ್ನು ನಿಯಂತ್ರಿಸಿ ಅಥವಾ ತಡೆಯಿರಿ ಎಂದು ಮೈಕ್ರೋಸಾಫ್ಟ್ ಸಲಹೆ ಕೊಡಬೇಕಾಯಿತು. ಫೆಬ್ರವರಿ 19ರ 6.1.2 ಆವೃತ್ತಿಯಲ್ಲಿ ದೋಷ ಸರಿಯಾಯಿತು. 2017ರ ಸೆಪ್ಟೆಂಬರಿನ ಐಓಎಸ್ 11ರಲ್ಲಿ ಮತ್ತೊಂದು: ಔಟ್‌ಲುಕ್.ಕಾಂ, ಆಫೀಸ್ 365 ಮತ್ತು ವಿಂಡೋಸ್ ಸರ್ವರ್ 2016ರ ಮೇಲಿನ ಎಕ್ಸ್‌ಚೇಂಜ್ 2016ಕ್ಕೆ ಐಫೋನಿನಿಂದ ಪತ್ರ ಕಳುಹಿಸಲಾಗಲಿಲ್ಲ. ವಾರದೊಳಗೆ 11.0.1 ಬಂತು. ಇಂಥ ಹೊತ್ತಿನಲ್ಲಿ ಗ್ರಾಹಕರ ಸೆಟ್ಟಿಂಗ್ ಬಗೆಯುವುದು ವ್ಯರ್ಥ. ಒಂದೇ ಆವೃತ್ತಿಯ ಎಲ್ಲ ಫೋನುಗಳಲ್ಲಿ ಒಂದೇ ದಿನ ತೊಡಕು ಕಾಣಿಸಿತೆಂಬುದೇ ಸಾಕಷ್ಟು ಸಾಕ್ಷಿ.

ತಡವಾಗಿ ಬರುವ ಪತ್ರ

ಕೆಟ್ಟಿದೆಯೋ ಇಲ್ಲವೋ ಎಂದು ಹೇಳಲಾಗದ ದೂರು ಇದು: ‘ಮೇಲ್ ಬರುತ್ತದೆ, ಆದರೆ ಆ್ಯಪ್ ತೆರೆದಾಗ ಮಾತ್ರ.’ ಹೊಸ ಪತ್ರ ಬಂದೊಡನೆ ತಿಳಿಸು ಎಂದು ಸರ್ವರಿಗೆ ಹೇಳಿ ಕಾಯುವ ‘ಐಡಲ್’ ಆಜ್ಞೆಯನ್ನು 1997ರ ಆರ್‌ಎಫ್‌ಸಿ 2177 ಐಮ್ಯಾಪ್‌ಗೆ ಸೇರಿಸಿತು. ಗರಿಷ್ಠ 29 ನಿಮಿಷಕ್ಕೊಮ್ಮೆ ಆಜ್ಞೆಯನ್ನು ನವೀಕರಿಸಬೇಕು ಎಂದಿತು. ಮೊಬೈಲ್ ಜಾಲದ ವಿಳಾಸ ಪರಿವರ್ತಕಗಳು ಅಷ್ಟು ಹೊತ್ತು ಸುಮ್ಮನಿರುವ ಸಂಪರ್ಕವನ್ನು ಉಳಿಸುವ ಭರವಸೆಯಿಲ್ಲ. ಸಂಪರ್ಕ ಸತ್ತದ್ದು ಸರ್ವರಿಗೂ ತಿಳಿಯದು, ಫೋನಿಗೂ ತಿಳಿಯದು. ಆ್ಯಕ್ಟಿವ್‌ಸಿಂಕ್ ಕೂಡ ಇಂಥದೇ ದೀರ್ಘ ಕೋರಿಕೆಯನ್ನು ನೆಚ್ಚಿಕೊಂಡಿದೆ. ನಡುವಿನ ಫೈರ್‌ವಾಲ್ ಅದನ್ನು ಬೇಗ ಕಡಿಯುತ್ತಿದ್ದರೆ ಎಕ್ಸ್‌ಚೇಂಜ್ ಸರ್ವರ್ 3033 ಎಂಬ ಎಚ್ಚರಿಕೆ ಬರೆದು, ಫೈರ್‌ವಾಲಿನ ಕಾಯುವ ಅವಧಿಯನ್ನು ಸರಿಪಡಿಸಲು ಕೋರುತ್ತದೆ.

ಐಫೋನಿನ ಜೊತೆಗೇ ಬರುವ ಮೇಲ್ ಆ್ಯಪ್ ಸಾಮಾನ್ಯ ಐಮ್ಯಾಪ್ ಖಾತೆಗೆ ಐಡಲ್ ಬಳಸುವುದಿಲ್ಲ. ಹದಿನೈದು ನಿಮಿಷ, ಅರ್ಧ ಗಂಟೆ, ಒಂದು ಗಂಟೆಯಂತೆ ಹೋಗಿ ಕೇಳಿ ಬರುತ್ತದೆ. ಅದು ಆಪಲ್‌ನ ಆಯ್ಕೆ, ಸರ್ವರಿನಲ್ಲಿ ರಿಪೇರಿಗೆ ಏನೂ ಇಲ್ಲ. 2015ರ ಆಂಡ್ರಾಯ್ಡ್ 6, ಚಾರ್ಜಿಗೆ ಹಾಕದೆ ಪರದೆ ಆರಿಸಿ ಮೇಜಿನ ಮೇಲಿಟ್ಟ ಫೋನಿನ ಆ್ಯಪ್‌ಗಳಿಗೆ ಜಾಲವನ್ನೇ ತಡೆಯುವ ‘ಡೋಜ್’ ತಂದಿತು. ಕೆ-9 ಮೇಲ್‌ನಂಥ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಟ್ಟರೆ ಪತ್ರ ಹೊತ್ತಿಗೆ ಬರುತ್ತದೆ. ಕೆಲವು ತಯಾರಕರು ಇದರ ಮೇಲೆ ತಮ್ಮದೇ ಇನ್ನಷ್ಟು ಬಿಗಿ ಉಳಿತಾಯ ಕ್ರಮ ಹೇರಿರುತ್ತಾರೆ, ಆ ಸೆಟ್ಟಿಂಗ್ ಒಂದೊಂದು ಫೋನಿನಲ್ಲಿ ಒಂದೊಂದು ಮೂಲೆಯಲ್ಲಿರುತ್ತದೆ.

ಫೋಲ್ಡರ್, ಗಾತ್ರ, ಮಧ್ಯವರ್ತಿ

ಕಳುಹಿಸಿದ ಪತ್ರ ಫೋನಿನಲ್ಲಿ ಒಂದು ಫೋಲ್ಡರಿಗೂ ಕಂಪ್ಯೂಟರಿನಲ್ಲಿ ಇನ್ನೊಂದಕ್ಕೂ ಬೀಳುವುದು ಹಳೆಯ ಕಿರಿಕಿರಿ. ಯಾವ ಫೋಲ್ಡರು ಯಾವ ಕೆಲಸದ್ದೆಂದು ಸರ್ವರೇ ಸಾರುವ ಕ್ರಮವನ್ನು 2011ರ ಆರ್‌ಎಫ್‌ಸಿ 6154 ಕೊಟ್ಟಿದೆ. ಅದನ್ನು ಚಾಲೂ ಮಾಡಿದರೆ ಹೊಸ ಖಾತೆಗಳಲ್ಲಿ ಈ ತೊಡಕಿಲ್ಲ. ಪಾಪ್3ರಲ್ಲಿ ಅಂಚೆಪೆಟ್ಟಿಗೆಗೆ ಒಂದು ಸಲಕ್ಕೆ ಒಂದೇ ಬೀಗ. ಆಫೀಸಿನ ಕಂಪ್ಯೂಟರು ಆಗಾಗ ನೋಡುತ್ತಿದ್ದರೆ ಫೋನಿಗೆ ಅದೇ ಗಳಿಗೆಯಲ್ಲಿ ಪ್ರವೇಶ ಸಿಗದು. ಡವ್‌ಕಾಟ್ ಒಬ್ಬ ಬಳಕೆದಾರರಿಗೆ ಒಂದು ವಿಳಾಸದಿಂದ ಹತ್ತೇ ಸಂಪರ್ಕವನ್ನು ತಾನಾಗಿ ಅನುಮತಿಸುತ್ತದೆ. ಒಂದು ಕಂಪ್ಯೂಟರು, ಎರಡು ಫೋನು ಒಂದೇ ವೈಫೈಯಲ್ಲಿದ್ದರೆ ಅದು ಮುಗಿಯಲು ಹೊತ್ತು ಹಿಡಿಯುವುದಿಲ್ಲ. ಅಟ್ಯಾಚ್‌ಮೆಂಟ್ ಸಾಗುವಾಗ ಮೂರಕ್ಕೆ ನಾಲ್ಕರಂತೆ ಹಿಗ್ಗುವುದರಿಂದ 18 ಎಂಬಿ ಕಡತ ದಾರಿಯಲ್ಲಿ 24 ಎಂಬಿ ದಾಟುತ್ತದೆ. ಎಕ್ಸ್‌ಚೇಂಜಿನಲ್ಲಿ ಮೇಲ್ ಗಾತ್ರದ ಮಿತಿ ಏರಿಸಿಯೂ ಆ್ಯಕ್ಟಿವ್‌ಸಿಂಕ್‌ಗೆ ಸಂಬಂಧಿಸಿದ ವೆಬ್ ಸೆಟ್ಟಿಂಗ್ ಕಡತದಲ್ಲಿ ಮಿತಿ ಹಾಗೇ ಬಿಟ್ಟಿದ್ದರೆ ಕಂಪ್ಯೂಟರಿನಿಂದ ಹೋಗುವ ಪತ್ರ ಫೋನಿನಿಂದ ಹೋಗದು.

ಔಟ್‌ಲುಕ್ ಮೊಬೈಲ್ ಆ್ಯಪ್ ಇವೆಲ್ಲಕ್ಕಿಂತ ಬೇರೆ. ಅಕಾಂಪ್ಲಿ ಎಂಬ ಕಂಪನಿಯನ್ನು ಕೊಂಡು ಮೈಕ್ರೋಸಾಫ್ಟ್ 2015ರ ಜನವರಿಯಲ್ಲಿ ಹೊರತಂದ ಈ ಆ್ಯಪ್‌ನಲ್ಲಿ ಸರ್ವರನ್ನು ಸಂಪರ್ಕಿಸುವುದು ಫೋನಲ್ಲ, ಮೈಕ್ರೋಸಾಫ್ಟಿನ ಕ್ಲೌಡ್. ವಿಪಿಎನ್ ಹಿಂದಿರುವ ಸರ್ವರಿಗೆ ಇದು ಎಂದೂ ತಲುಪುವುದಿಲ್ಲ; ದೇಶದ ಹೊರಗಿನ ವಿಳಾಸಗಳನ್ನು ತಡೆದ ಫೈರ್‌ವಾಲೂ ಇದನ್ನು ನಿಲ್ಲಿಸಬಹುದು. ಪಾಸ್‌ವರ್ಡ್ ಮೂರನೆಯ ಕೈ ಸೇರುತ್ತದೆಂಬ ಆತಂಕದಿಂದ ಐರೋಪ್ಯ ಪಾರ್ಲಿಮೆಂಟು ಅದೇ ವರ್ಷದ ಫೆಬ್ರವರಿಯಲ್ಲಿ ತನ್ನ ಸರ್ವರುಗಳಿಗೆ ಈ ಆ್ಯಪ್‌ನ ಪ್ರವೇಶ ತಡೆದಿತ್ತು.

ಕನ್ನಡದ ಪತ್ರಗಳು

ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಪತ್ರದ ವಿಷಯದ ಸಾಲಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ವೇಷ ಹಾಕಿಕೊಂಡು 75 ಅಕ್ಷರಕ್ಕೆ ಮೀರದ ತುಂಡುಗಳಾಗಿ ಸಾಗಬೇಕೆಂದು 1996ರ ಆರ್‌ಎಫ್‌ಸಿ 2047 ಹೇಳುತ್ತದೆ. ಲೆಕ್ಕ ಹಾಕಿದರೆ ತುಂಡಿಗೆ ಹೆಚ್ಚೆಂದರೆ ಹದಿನೈದು ಸಂಕೇತ. ಒತ್ತಕ್ಷರ, ಗುಣಿತ ಸೇರಿದರೆ ಎರಡು ಮೂರು ಪದ. ತುಂಡು ಮಾಡುವ ತಂತ್ರಾಂಶ ಸಂಕೇತದ ನಡುವೆ ಕತ್ತರಿಸಿದರೆ ವಿಷಯದ ಸಾಲಿನ ನಡುನಡುವೆ ಪ್ರಶ್ನಾರ್ಥಕ ಚಿಹ್ನೆಯ ವಜ್ರಗಳು ಮೂಡುತ್ತವೆ. ಪತ್ರದ ಒಡಲು ಸರಿಯಿದ್ದು ಶೀರ್ಷಿಕೆ ಮಾತ್ರ ಕೆಟ್ಟಿದ್ದರೆ ಕಳುಹಿಸಿದ ಕಡೆಯ ತಂತ್ರಾಂಶವನ್ನೇ ಶಂಕಿಸಬೇಕು. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರು ಕೆಲವು ಆ್ಯಪ್‌ಗಳಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದಕ್ಕೆ ಹಳೆಯ ಐಮ್ಯಾಪ್‌ನ ಮಾರ್ಪಡಿಸಿದ ಯುಟಿಎಫ್-7 ಕಾರಣ. 2021ರ ಐಮ್ಯಾಪ್ ನಿಯಮ ನೇರ ಯುಟಿಎಫ್-8ಕ್ಕೆ ಬಂದಿದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದ ಪತ್ರ ಇನ್ನೊಂದು ಬಗೆಯದು. ಕಚೇರಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಕನ್ನಡ ಕಾಣುತ್ತದೆ, ಫೋನಿನಲ್ಲಿ ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಾಲು ಬರುತ್ತದೆ. ಸರ್ವರು ಒಂದು ಬೈಟನ್ನೂ ಕೆಡಿಸಿರುವುದಿಲ್ಲ, ಫೋನೂ ಬಂದದ್ದನ್ನೇ ತೋರಿಸಿದೆ. ಕಳುಹಿಸುವ ಮೊದಲೇ ಯುನಿಕೋಡಿಗೆ ಪರಿವರ್ತಿಸಬೇಕಷ್ಟೆ.

ವಿಳಾಸವೇ ಕನ್ನಡದಲ್ಲಿರುವ ಮೇಲ್‌ಗೆ 2012ರ ಆರ್‌ಎಫ್‌ಸಿ 6531 ದಾರಿ ಮಾಡಿತು, ಜಿಮೇಲ್ 2014ರಲ್ಲಿ ಇಂಥ ವಿಳಾಸಗಳೊಡನೆ ವ್ಯವಹರಿಸತೊಡಗಿತು, ಭಾರತದಲ್ಲಿ ಡೇಟಾಮೇಲ್ ಸೇವೆ 2016ರಲ್ಲಿ ಭಾರತೀಯ ಲಿಪಿಗಳ ವಿಳಾಸ ಕೊಡಲು ಮುಂದಾಯಿತು. ಆದರೆ ಕಳುಹಿಸುವ ಸರ್ವರ್, ಪಡೆಯುವ ಸರ್ವರ್, ಎರಡೂ ಕಡೆಯ ಆ್ಯಪ್ ಎಲ್ಲವೂ ಒಪ್ಪಿದರೆ ಮಾತ್ರ ಪತ್ರ ತಲುಪುತ್ತದೆ. ವಿಳಾಸ ಬರೆಯುವ ಜಾಗದಲ್ಲೇ ಕನ್ನಡ ಅಕ್ಷರವನ್ನು ತಪ್ಪೆಂದು ನಿರಾಕರಿಸುವ ಆ್ಯಪ್‌ಗಳಿರುವಾಗ ಸರ್ವರ್ ಎಷ್ಟೇ ಹೊಸದಾಗಿದ್ದರೂ ಫಲವಿಲ್ಲ.

ಇನ್ನು ಒಟ್ಟು ಹೊಂದಾಣಿಕೆಯ ಮಾತಿಗೆ ಮರಳಿದರೆ, ಐಮ್ಯಾಪ್‌ನ ಬದಲಿಗೆ ಫೋನಿನ ಜಾಲವನ್ನು ಲೆಕ್ಕಕ್ಕೆ ತೆಗೆದುಕೊಂಡೇ ರೂಪಿಸಿದ ಜೆಮ್ಯಾಪ್ ಪ್ರೋಟೋಕಾಲನ್ನು 2019ರಲ್ಲಿ ಆರ್‌ಎಫ್‌ಸಿ 8620 ಮತ್ತು 8621 ವಿಧಿಬದ್ಧಗೊಳಿಸಿದವು. ಫಾಸ್ಟ್‌ಮೇಲ್ ಕಂಪನಿ ಇದರ ಹಿಂದಿನ ಮುಖ್ಯ ಶಕ್ತಿ. ಕಡಿದ ಸಂಪರ್ಕ ಮತ್ತೆ ಸಿಕ್ಕಾಗ ನಡುವೆ ಬದಲಾದದ್ದಷ್ಟನ್ನೇ ಕೇಳುವ, ಫೋನಿನ ಸೂಚನಾ ವ್ಯವಸ್ಥೆಯ ಮೂಲಕ ಹೊಸ ಪತ್ರ ತಿಳಿಸುವ ಅನುಕೂಲ ಅದರಲ್ಲಿದೆ. ಸದ್ಯಕ್ಕೆ ಗ್ರಾಹಕರ ಫೋನುಗಳ ಜೊತೆಗೇ ಬರುವ ಮೇಲ್ ಆ್ಯಪ್‌ಗಳು ಅದನ್ನು ಅರಿಯವು. ಸರ್ವರ್ ನಡೆಸುವವರು ಐಮ್ಯಾಪನ್ನೂ ಅದರ ಸರ್ಟಿಫಿಕೇಟುಗಳನ್ನೂ ಕಾಯುತ್ತಿರಬೇಕು.